ಸೋಮಯ್ಯನ ಲೈನ್ ಕ್ಲಿಯರ್

ಎರಡು ಗುಂಡಿನ ಸದ್ದು ಕೇಳಿದ್ರೆ ನಮ್ಮ ಕಡೆ ಯಾರೂ ಏನಾಯ್ತು ಅಂತ ವಿಚಾರಿಸೋದಿಲ್ಲ. ಒಂದೇ ಗುಂಡು ಹೊಡೆದ್ರೆ ಯಾರದೋ ಮನೇಲಿ ಗಂಡುಮಗು ಹುಟ್ಟಿದೆ ಅಂತ. ಒಂದರ ಬೆನ್ನಿಗೇ ಇನ್ನೊಂದು ಹೊಡೆದ್ರೆ ಯಾರೋ ತೀರಿಕೊಂಡ್ರು ಅಂತ. ಗದ್ದೇಲಿದ್ದವರು ಗದ್ದೆ ಬಿಟ್ಟು, ಒಲೆ ಮುಂದೆ ಇದ್ದವರು ಒಲೆ ಆರಿಸಿ, ಸದ್ದು ಬಂದ ದಿಕ್ಕಿಗೆ ಹೊರಡ್ತಾರೆ. ನನ್ನ ತಮ್ಮ ಸೋಮಯ್ಯ ಒಬ್ಬ ಮಾತ್ರ ಅದಕ್ಕೆ ಬೆನ್ನು ಹಾಕಿ ಓಡ್ತಿದ್ದ.

ಓಡೋದು ಅಂದ್ರೆ ಹೇಗೆ ಓಡೋದು ಮಾರಾಯ್ರೆ! ಎರಡೂ ಅಂಗೈಲಿ ಎರಡೂ ಕಿವಿ ಒತ್ತಿ ಹಿಡ್ಕೊಂಡು, ಮುಳ್ಳು ನೋಡದೆ ಕಲ್ಲು ನೋಡದೆ, ಬೇಲಿ ಇದ್ರೆ ಬೇಲಿ ಹಾರಿ. ಕೈಲು ಮುಹೂರ್ತದ ಹಬ್ಬದ ದಿನ ಊರ ಗಂಡಸರೆಲ್ಲ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುವಾಗ ನಮ್ಮ ಅವ್ವ ಕಡುಬು ಬೇಯಿಸೋದು ಬಿಟ್ಟು ಮಗನನ್ನ ಹುಡುಕೋಕೆ ನನ್ನನ್ನ ಅಟ್ಟೋಳು. ಅವನು ಸಿಗ್ತಿದ್ದದ್ದು ಒಂದೇ ಜಾಗದಲ್ಲಿ, ಭಾಗಮಂಡಲದ ರಸ್ತೆ ಅಡಿಯ ಮೋರಿಯೊಳಗೆ. ಮೊಣಕಾಲಿಗೆ ತಲೆ ಕೊಟ್ಟು, ಹಿಂದಕ್ಕೂ ಮುಂದಕ್ಕೂ ತೂಗ್ತಾ ಕೂತಿರ್ತಿದ್ದ. ಮುಟ್ಟಿದ್ರೆ ಕಿರುಚೋನು. ನಾನು ಮುಟ್ಟದೆ ಮೋರಿ ಬಾಯಲ್ಲಿ ಕೂತು, ಅವನಾಗೇ ಎದ್ದು ಬರೋತನಕ ಕಾಯ್ತಿದ್ದೆ.

ಈಗ ಅದಕ್ಕೊಂದು ಹೆಸರಿದೆಯಂತೆ, ಆಟಿಸಂ ಅಂತ. ಡಾಕ್ಟರಿಕೆ ಓದಿದ ಮೊಮ್ಮಗಳು ಹೇಳಿದ್ಲು. ಆಗ ಊರಲ್ಲಿ ಇಟ್ಟ ಹೆಸರುಗಳು ಬೇರೆ, ಅವನ್ನ ನನ್ನ ಬಾಯಲ್ಲಿ ಹೇಳೋದಿಲ್ಲ. ಮುಖ ಕೊಟ್ಟು ಮಾತಾಡ್ತಿರಲಿಲ್ಲ, ಅಷ್ಟೇ. ನಿಮ್ಮ ಹೆಗಲ ಆಚೆ ಎಲ್ಲೋ ನೋಡ್ಕೊಂಡು ಹೇಳಬೇಕಾದ್ದು ಹೇಳೋನು. ಬಟ್ಟಲು ಇಡೋ ಜಾಗ ಒಂದು ಚೂರು ಸರಿದ್ರೂ ಊಟ ಬೇಡ. ನಮ್ಮ ದೊಡ್ಡಪ್ಪ ಅಂತೂ ಬಂದಾಗೆಲ್ಲ ಇವನನ್ನ ಮೈಸೂರಿನ ಹುಚ್ಚಾಸ್ಪತ್ರೆಗೆ ಸೇರಿಸಿ ಅಂತ ಅಪ್ಪನ ತಲೆ ತಿನ್ನೋರು. ಆ ಮಾತು ಕೇಳಿ ಕೇಳಿ ನನ್ನೊಳಗೆ ಒಂದು ಹೆದರಿಕೆ ಬೇರು ಬಿಟ್ಟಿತ್ತು. ಒಂದು ದಿನ ಯಾರೋ ಬಂದು ಇವನನ್ನ ಕೈಕಟ್ಟಿ ಎಳ್ಕೊಂಡು ಹೋಗ್ತಾರೆ, ನಾನು ನೋಡ್ತಾ ನಿಂತಿರ್ತೀನಿ ಅಂತ.

ಅವನನ್ನ ಉಳಿಸಿದ್ದು ಕರೆಂಟು. ಈಗಿನವರು ಟೆಕ್ನಾಲಜಿ ಟೆಕ್ನಾಲಜಿ ಅಂತಾರಲ್ಲ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಮಗೆ ಟೆಕ್ನಾಲಜಿ ಅಂದ್ರೆ ಅದೇ. ಕಂಬ ನೆಡೋಕೆ ಶುರುವಾದ ದಿನದಿಂದ ಸೋಮಯ್ಯ ಮನೇಲಿ ನಿಲ್ಲಲಿಲ್ಲ. ಲೈನ್‌ಮೆನ್‌ಗಳ ಹಿಂದೆ ತಿರುಗಿದ. ಕಂಬಕ್ಕೆ ಕಿವಿ ಕೊಟ್ಟು ನಿಲ್ಲೋನು. ಗುಂಡಿನ ಸದ್ದಿಗೆ ಸಾಯೋ ಹುಡುಗನಿಗೆ ಆ ಗುಂಯ್ ಅನ್ನೋ ಸದ್ದು ಅಂದ್ರೆ ಪ್ರಾಣ. ಅದೇ ಲೈನ್‌ಮೆನ್‌ಗಳಲ್ಲಿ ಒಬ್ಬ ದೇರಪ್ಪ. ತಮ್ಮನನ್ನ ಮನೆಗೆ ಬಿಡೋಕೆ ಬಂದು ಬಂದು ಕೊನೆಗೆ ಅಕ್ಕನಾದ ನನ್ನನ್ನೇ ಕಟ್ಕೊಂಡ. ಮದುವೆ ಆದ ಮೇಲೆ ಸೋಮಯ್ಯನಿಗೆ ಕರೆಂಟ್ ಸ್ಟೇಷನ್ನಿನಲ್ಲಿ ಸ್ವಿಚ್ ನೋಡ್ಕೊಳ್ಳೋ ಕೆಲಸವನ್ನೂ ಕೊಡಿಸಿದ. ಅಪ್ಪ ನಂಬಲಿಲ್ಲ. ಮೊದಲ ಸಂಬಳ ಬಂದ ಮೇಲೂ ನಂಬಲಿಲ್ಲ.

ಆ ಕೆಲಸದಲ್ಲಿ ಒಂದು ಕಟ್ಟಳೆ ಇದೆ, ಅದನ್ನ ಹೇಳದಿದ್ರೆ ಮುಂದಿನದು ಅರ್ಥ ಆಗೋದಿಲ್ಲ. ಲೈನ್‌ಮೆನ್ ಕಂಬ ಹತ್ತೋ ಮೊದಲು ಸ್ಟೇಷನ್ನಿಗೆ ಬಂದು ಲೈನ್ ಕ್ಲಿಯರ್ ತಗೋಬೇಕು. ಅಂದ್ರೆ ಆ ಲೈನಿನ ಕರೆಂಟ್ ತೆಗಿ, ನಾನು ಹತ್ತುತ್ತೀನಿ ಅಂತ. ಸ್ಟೇಷನ್ನಿನವನು ಒಂದು ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಲೈನ್ ಆಫ್ ಮಾಡ್ತಾನೆ. ಕೆಲಸ ಮುಗಿಸಿ ಇಳಿದವನು, ಯಾರು ತಗೊಂಡಿದ್ನೋ ಅವನೇ, ಬಂದು ಲೈನ್ ಕ್ಲಿಯರ್ ವಾಪಸ್ ಕೊಡಬೇಕು. ಅಲ್ಲಿತನಕ ದೇವರೇ ಇಳಿದು ಬಂದು ಹೇಳಿದ್ರೂ ಕರೆಂಟ್ ಹಾಕೋ ಹಾಗಿಲ್ಲ. ಕಂಬದ ಮೇಲಿರೋನ ಜೀವ ಆ ಹ್ಯಾಂಡಲ್ ತಿರುಗಿಸೋನ ಕೈಲಿ. ನನ್ನ ಗಂಡನ ಜೀವ ನನ್ನ ತಮ್ಮನ ಕೈಲಿ.

ಸೋಮಯ್ಯನಿಗೆ ಕಟ್ಟಳೆ ಅಂದ್ರೆ ಕಟ್ಟಳೆ, ಅದರಲ್ಲಿ ನನಗೆ ಅನುಮಾನ ಇರಲಿಲ್ಲ. ನನ್ನ ಅನುಮಾನ ಗುಂಡಿನ ಮೇಲೆ. ಡ್ಯೂಟಿಯಲ್ಲಿರುವಾಗ ಹತ್ತಿರದಲ್ಲಿ ಎಲ್ಲಾದ್ರೂ ಎರಡು ಗುಂಡು ಹೊಡೆದ್ರೆ ಇವನು ಕಿವಿ ಮುಚ್ಕೊಂಡು ಓಡ್ತಾನಲ್ಲ, ಆಗ ಆ ಖಾಲಿ ಕೋಣೆಗೆ ಯಾರಾದ್ರೂ ನುಗ್ಗಿ ಹ್ಯಾಂಡಲ್ ತಿರುಗಿಸಿದ್ರೆ? ದೇರಪ್ಪನಿಗೆ ಹೇಳಿದ್ರೆ ನಗೋನು. ನಿನಗೆ ಬೇರೆ ಕೆಲಸ ಇಲ್ಲ, ಕೂತಲ್ಲೇ ಸಾವು ಹುಡುಕ್ತೀಯ ಅನ್ನೋನು. ನನಗೆ ಮೈಯೆಲ್ಲ ಉರಿಯೋದು.

ಅದು ಕಾಫಿ ಕೊಯ್ಲಿನ ಕಾಲ. ನಾನು ಏಳು ತಿಂಗಳ ಬಸುರಿ. ಸ್ಟೇಷನ್ನಿನ ಮೇಲಿನ ದಿಣ್ಣೆಯಲ್ಲೇ ಪರಮೇಶಪ್ಪನವರ ದೊಡ್ಡ ಮನೆ. ಅವರ ಅವ್ವ ಬೊಳ್ಳಮ್ಮಜ್ಜಿಗೆ ಉಸಿರು ಮೇಲೆ ಕೆಳಗೆ ಆಗ್ತಿದೆ ಅಂತ ಸುದ್ದಿ ಬಂದು, ಮಧ್ಯಾಹ್ನ ಊಟ ಮುಗಿಸಿ ನೋಡೋಕೆ ಹೋದೆ. ಹೋಗೋ ದಾರೀಲಿ ದೇರಪ್ಪ ಎದುರಾದ. ಚೆಟ್ಟಿಮಾನಿ ಕಡೆ ಸಿಲ್ವರ್ ಮರದ ಕೊಂಬೆ ಬಿದ್ದು ತಂತಿ ಹರಿದಿದೆ, ಈಗಷ್ಟೇ ಲೈನ್ ಕ್ಲಿಯರ್ ತಗೊಂಡೆ, ಸಂಜೆ ಆಗ್ತದೆ ಅಂದು ಸೈಕಲ್ ತುಳಿದ.

ದೊಡ್ಡ ಮನೆಯ ಜಗಲಿ ತುಂಬ ಜನ. ಒಳಗೆ ಅಜ್ಜಿಯ ಗಂಟಲು ಗೊರಗುಟ್ಟೋದು ಜಗಲಿಗೇ ಕೇಳ್ತಿತ್ತು. ಸ್ಟೇಷನ್ನಿನ ಓವರ್ಸೀಯರ್ ನಾಗರಾಜು, ಹಾಸನದ ಕಡೆಯೋರು, ಬೆಳಗ್ಗೆ ಮಡಿಕೇರಿಗೆ ಹೋದವರು ಅಲ್ಲಿಂದ ನೇರ ಇಲ್ಲಿಗೇ ಬಂದು ಬೆಂಚಿನ ಮೇಲೆ ಕೂತಿದ್ರು. ಅವರಿಗೆ ನಮಸ್ಕಾರ ಮಾಡಿ ತಲೆ ಎತ್ತಿದ್ರೆ, ಜಗಲಿಯ ಕಂಬಕ್ಕೆ ಒರಗಿಸಿಟ್ಟ ಕೋವಿ ಕಾಣಿಸ್ತು. ಗೋಡೆಯಿಂದ ಇಳಿಸಿ, ಎಣ್ಣೆ ಒರೆಸಿ, ತಯಾರು ಮಾಡಿ ಇಟ್ಟಿದ್ರು.

ದೇರಪ್ಪ ಇಷ್ಟೊತ್ತಿಗೆ ಕಂಬದ ಮೇಲಿದ್ದಾನೆ. ಇಲ್ಲಿ ಗುಂಡು ಹೊಡೆದ್ರೆ ಕೆಳಗಿರೋ ಸೋಮಯ್ಯನ ತಲೆ ಮೇಲೇ ಹೊಡೆದ ಹಾಗೆ. ಅವನು ಓಡ್ತಾನೆ. ಹೇಳಬೇಕು. ಯಾರಿಗೆ ಹೇಳ್ಲಿ, ಏನಂತ ಹೇಳ್ಲಿ? ನಿಮ್ಮ ಅವ್ವ ಸತ್ತ ಮೇಲೆ ಗುಂಡು ಹೊಡೀಬೇಡಿ ಅಂತ, ಅವ್ವ ಇನ್ನೂ ಉಸಿರಾಡ್ತಿರುವಾಗ ಮಗನ ಎದುರು ನಿಂತು ಹೇಳೋದಾ? ಅದೂ ಹೊಟ್ಟೇಲಿ ಮಗು ಇಟ್ಕೊಂಡು? ಆದ್ರೂ ಪರಮೇಶಪ್ಪ ಹೊರಗೆ ಬಂದಾಗ ಬಾಯಿ ತೆರೆದೆ.

“ಪರಮೇಶಣ್ಣ, ಆ ಕೋವಿ…”

“ಕೋವಿಗೇನು ತಂಗಮ್ಮ?” ಅಂದ್ರು. ಕಣ್ಣು ಕೆಂಪಾಗಿತ್ತು, ರಾತ್ರಿಯಿಂದ ನಿದ್ದೆ ಇಲ್ಲ.

ಏನಿಲ್ಲ ಅಂದುಬಿಟ್ಟೆ. ನಾಲಗೆ ಹೊರಳಲಿಲ್ಲ. ನಿಮ್ಮದೂ ಹೊರಳ್ತಿರಲಿಲ್ಲ ಬಿಡಿ. ಅವರಿಗೆ ಹೇಳೋಕಾಗದಿದ್ರೆ ಹೋಗ್ಲಿ, ನಾನೇ ಕೆಳಗೆ ಹೋಗಿ ತಮ್ಮನ ಹತ್ರ ಕೂರ್ತೀನಿ, ಅವನು ಓಡಿದ್ರೂ ಬಾಗಿಲಿಗೆ ಅಡ್ಡ ನಾನಿರ್ತೀನಿ ಅಂದ್ಕೊಂಡು ಯಾರಿಗೂ ಹೇಳದೆ ಅಂಗಳ ಇಳಿದೆ. ಕಾಫಿ ತೋಟದ ಒಳದಾರಿ ಹಿಡಿದೆ. ಅರ್ಧ ದಾರಿ ಹೋಗಿರಲಿಲ್ಲ, ಮೇಲಿಂದ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಆಮೇಲೆ ಒಂದು ಗುಂಡು. ಅದರ ಬೆನ್ನಿಗೆ ಇನ್ನೊಂದು. ಹೊಟ್ಟೆಯೊಳಗೆ ಮಗು ಒದ್ದಿತು.

ಓಡಿದೆ. ಬಸುರಿ ಓಡಬಾರದು ಅಂತ ಗೊತ್ತಿತ್ತು, ಓಡಿದೆ. ಕಾಫಿ ಗಿಡದ ಕೊಂಬೆ ಸೆರಗು ಹಿಡಿದು ಎಳೀತಿತ್ತು. ಅತ್ತ ದೊಡ್ಡ ರಸ್ತೇಲಿ ಮೋಟರ್ ಸೈಕಲ್ ಶುರುವಾದ ಸದ್ದು ಕೇಳಿಸ್ತು. ಆ ಊರಲ್ಲಿ ಮೋಟರ್ ಸೈಕಲ್ ಇದ್ದದ್ದು ಓವರ್ಸೀಯರ್‌ಗೆ ಒಬ್ಬರಿಗೇ. ಯಾಕೆ ಹೊರಟ್ರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸಂಜೆಯೊಳಗೆ ಊರಿಗೆ ಊರೇ ದೊಡ್ಡ ಮನೆಗೆ ಬರ್ತದೆ, ಅವರ ಮನೆಗೂ ಅದೇ ಚೆಟ್ಟಿಮಾನಿ ಲೈನು, ಈಗ ಕರೆಂಟಿಲ್ಲ, ದೊಡ್ಡವರ ಮನೆ, ದೀಪ ಹಾಕಿಸಬೇಕು. ಇವರು ಬೆಳಗ್ಗೆಯಿಂದ ಸ್ಟೇಷನ್ನಿಗೆ ಕಾಲಿಟ್ಟಿಲ್ಲ. ಲೈನ್ ಕ್ಲಿಯರ್ ಕೊಟ್ಟಿರೋದು ಇವರಿಗೆ ಗೊತ್ತಿಲ್ಲ, ನಮಸ್ಕಾರ ಮಾಡಿದಾಗ ಹೇಳಬೇಕು ಅಂತ ನನಗೂ ಹೊಳೀಲಿಲ್ಲ. ಕೆಲಸ ನಡೀತಿದೆ ಅಂತ ನೇತು ಹಾಕೋ ತಗಡಿನ ಬೋರ್ಡು ಒಂದಿತ್ತು, ಅದರ ದಾರ ಹರಿದು ಮೂಲೆ ಸೇರಿ ಎಷ್ಟೋ ಕಾಲ ಆಗಿತ್ತು. ಸೋಮಯ್ಯ ಇರುವಾಗ ಬೋರ್ಡ್ ಯಾಕೆ ಅಂತ ಎಲ್ಲರದೂ ಉದಾಸೀನ. ನಿಲ್ಲಿ, ನಿಲ್ಲಿ ಅಂತ ತೋಟದೊಳಗಿಂದ ಕೂಗಿದೆ. ಆ ಇಂಜಿನ್ನಿನ ಸದ್ದಿಗೆ ಯಾರಿಗೆ ಕೇಳ್ತದೆ.

ನಾನು ತಲುಪುವಾಗ ಮೋಟರ್ ಸೈಕಲ್ ಗೇಟಿನ ಹತ್ರ ನಿಂತಿತ್ತು. ಸ್ಟೇಷನ್ನಿನ ಬಾಗಿಲು ಹಾರುಹೊಡೆದಿತ್ತು. ಸೋಮಯ್ಯನ ಕುರ್ಚಿ ಮಗುಚಿ ಬಿದ್ದಿತ್ತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯೋ ಸದ್ದು. ಮುಗೀತು ಅಂದ್ಕೊಂಡೆ. ಕರೆಂಟ್ ಹಾಕಿ ಆಯ್ತು, ನನ್ನ ಗಂಡ ತಂತಿ ಮೇಲೇ ಸುಟ್ಟು ಆಯ್ತು. ಗೋಡೆ ಹಿಡ್ಕೊಂಡು ನಿಂತೆ. ಅಳುವೂ ಬರಲಿಲ್ಲ.

ಓವರ್ಸೀಯರ್ ಹೊರಗೆ ಬಂದ್ರು. ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು. ಎಲ್ಲಿ ನಿನ್ನ ತಮ್ಮ, ಡ್ಯೂಟಿ ಬಿಟ್ಟು ಎಲ್ಲಿ ಹಾಳಾಗಿ ಹೋದ ಅಂತ ಶುರು ಮಾಡಿದ್ರು.

“ಹಾಕಿದ್ರಾ?” ಅಂದೆ.

“ಎಲ್ಲಿಂದ ಹಾಕ್ಲಿ? ಹ್ಯಾಂಡ್ಲೇ ಇಲ್ಲ!”

ಸ್ಪ್ಯಾನರಿನಲ್ಲಿ ತಿರುಗಿಸೋಕೆ ನೋಡಿದ್ರಂತೆ, ಆಗಲಿಲ್ಲವಂತೆ. ನನ್ನ ಗಂಡ ಚೆಟ್ಟಿಮಾನಿ ಲೈನಿನ ಕಂಬದ ಮೇಲಿದ್ದಾನೆ ಅಂತ ಹೇಳಿದೆ. ಆ ಮನುಷ್ಯನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಆಮೇಲೆ ಗಲಾಟೆ ಕೇಳಿ ಬಂದ ಗೇಟಿನ ಕಾವಲಿನವನಿಗೆ ಮೋಟರ್ ಸೈಕಲ್ ಕೊಟ್ಟು ದೇರಪ್ಪನನ್ನ ಕರ್ಕೊಂಡು ಬಾ ಅಂತ ಅಟ್ಟಿದ್ರು. ದೇರಪ್ಪನನ್ನ ಕಣ್ಣಾರೆ ನೋಡೋತನಕ ನಾನು ಯಾರನ್ನೂ ನಂಬೋ ಸ್ಥಿತಿಯಲ್ಲಿರಲಿಲ್ಲ. ತಮ್ಮನ ಚಿಂತೆ ಬೇರೆ. ಡ್ಯೂಟಿ ಬಿಟ್ಟು ಓಡಿದ್ದಾನೆ, ಸಾಮಾನು ಬೇರೆ ತಗೊಂಡು ಓಡಿದ್ದಾನೆ. ಕೆಲಸ ಹೋದ್ರೆ ದೊಡ್ಡಪ್ಪನ ಬಾಯಿ ಮತ್ತೆ ತೆರೀತದೆ, ಮೈಸೂರಿನ ಆಸ್ಪತ್ರೆ ಗ್ಯಾರಂಟಿ.

ಮೋರಿಯ ಕಡೆ ನಡೆದೆ. ಓವರ್ಸೀಯರ್ ಹಿಂದೆ ಬಂದ್ರು. ಸೋಮಯ್ಯ ಅಲ್ಲೇ ಇದ್ದ. ಹಣೆ ಒಡೆದು ರಕ್ತ ಹುಬ್ಬಿಗೆ ಇಳಿದಿತ್ತು. ಅಂಗಿ ಹರಿದಿತ್ತು. ಆ ಕಬ್ಬಿಣದ ಹ್ಯಾಂಡಲನ್ನ ಎದೆಗೆ ಅವಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗ್ತಿದ್ದ. ಓವರ್ಸೀಯರ್ ಬಗ್ಗಿ, ಮೆತ್ತಗೇ ಕೇಳಿದ್ರು, ಕೊಡಪ್ಪ ಅಂತ. ಅವನು ಮೋರಿಯ ಕಲ್ಲಿಗೆ ಹೇಳಿದ ಹಾಗೆ ಹೇಳಿದ.

“ಭಾವ ಕಂಬದ ಮೇಲಿದ್ದಾರೆ.”

ನಾನು ಕೇಳಿದೆ. ಅಕ್ಕ ಕೇಳ್ತಿದ್ದೀನಲ್ಲೋ, ನನ್ನ ಕೈಗೆ ಕೊಡು, ಯಾರಿಗೂ ಕೊಡೋದಿಲ್ಲ ಅಂದೆ. ಅದೇ ಮಾತು, ಭಾವ ಕಂಬದ ಮೇಲಿದ್ದಾರೆ. ಇನ್ನು ಕೇಳೋದು ಬೇಡ ಅಂತ ಮೋರಿ ಬಾಯಲ್ಲಿ ಕೂತೆ, ಚಿಕ್ಕಂದಿನ ಹಾಗೆ. ಓವರ್ಸೀಯರ್ ರಸ್ತೆ ಬದಿ ಕಲ್ಲಿನ ಮೇಲೆ ತಲೆಗೆ ಕೈ ಹಚ್ಚಿ ಕೂತ್ರು. ಮೇಲೆ ಜನ ಗುಂಪು ಗುಂಪಾಗಿ ದೊಡ್ಡ ಮನೆಗೆ ಹೋಗ್ತಿದ್ರು. ಏನಾಯ್ತು ತಂಗಮ್ಮ ಅಂತ ಕೇಳಿದವರನ್ನ ಮುಂದೆ ಹೋಗಿ ಅಂತ ಕೈಸನ್ನೆ ಮಾಡಿ ಕಳಿಸಿದೆ.

ಬಿಸಿಲು ಇಳಿಯೋ ಹೊತ್ತಿಗೆ ಮೋಟರ್ ಸೈಕಲ್ ಬಂತು. ಹಿಂದೆ ದೇರಪ್ಪ ಕೂತಿದ್ದ, ಸೊಂಟದ ಹಗ್ಗ ಕೂಡ ಬಿಚ್ಚಿರಲಿಲ್ಲ. ಅವನನ್ನ ನೋಡಿದ ಮೇಲೆ ನನಗೆ ಅಳು ಬಂತು, ಬಂದದ್ದು ನಿಲ್ಲಲೇ ಇಲ್ಲ. ದಾರೀಲಿ ಅವನಿಗೆ ಎಲ್ಲ ಗೊತ್ತಾಗಿತ್ತು. ನನ್ನ ಹೆಗಲು ಮುಟ್ಟಿ ಮುಂದೆ ಹೋಗಿ, ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೋಮಯ್ಯನನ್ನ ಮುಟ್ಟಲಿಲ್ಲ. ಹೆದರಬೇಡ ಅಂತಲೂ ಹೇಳಲಿಲ್ಲ. ಸ್ಟೇಷನ್ನಿನ ಮೇಜಿನ ಮುಂದೆ ನಿಂತು ದಿನಾ ಹೇಳೋದನ್ನೇ ಹೇಳಿದ.

“ಚೆಟ್ಟಿಮಾನಿ ಲೈನ್ ಕೆಲಸ ಮುಗೀತು. ನಾನು ಇಳಿದೆ. ನನ್ನ ಜನ ಇಳಿದ್ರು. ಲೈನ್ ಕ್ಲಿಯರ್ ವಾಪಸ್.”

ತೂಗೋದು ನಿಂತಿತು. ಸೋಮಯ್ಯ ವಾಪಸ್ ಅಂದ. ಎದ್ದು ಹೊರಗೆ ಬಂದ, ಹ್ಯಾಂಡಲ್ ಯಾರಿಗೂ ಕೊಡದೆ ತಾನೇ ಹಿಡ್ಕೊಂಡು ಸ್ಟೇಷನ್ನಿಗೆ ನಡೆದ, ತಾನೇ ತಿರುಗಿಸಿದ. ದಿಣ್ಣೆ ಮೇಲೆ ದೊಡ್ಡ ಮನೆಯ ಜಗಲಿಯಲ್ಲಿ ದೀಪ ಹತ್ತಿತು. ಓವರ್ಸೀಯರ್ ಅವತ್ತಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ತನ್ನ ಸ್ಪ್ಯಾನರಿನ ಕಥೆಯೂ ಹೇಳಬೇಕಿತ್ತಲ್ಲ.

ಅವತ್ತು ರಾತ್ರಿ ತಮ್ಮನ ಹಣೆಗೆ ಅರಿಶಿನ ಹಚ್ಚುವಾಗ ನನಗೆ ಹೊಳೀತು. ಇವನು ಕಿವಿ ಮುಚ್ಚೋಕೆ ಎರಡೂ ಕೈ ಬೇಕು. ಹ್ಯಾಂಡಲ್ ಹಿಡಿಯೋಕೆ ಒಂದು ಕೈ ಹೋಯ್ತು. ಹಾಗಾದ್ರೆ ಒಂದು ಕಿವಿ ತೆರೆದೇ ಇತ್ತೇನೋ ಅಂತ ಕೇಳಿದೆ. ಅವನು ಮುಖ ಒಲೆಯ ಕಡೆ ತಿರುಗಿಸಿದ.

“ಎರಡನೇ ಗುಂಡು ಕೇಳ್ತು ಅಕ್ಕ. ಪೂರ್ತಿ ಕೇಳ್ತು” ಅಂದ.

ಎರಡು ತಿಂಗಳಿಗೆ ನನಗೆ ಗಂಡುಮಗು ಹುಟ್ಟಿತು. ದೇರಪ್ಪ ಗೋಡೆಯಿಂದ ಕೋವಿ ಇಳಿಸಿದ, ನನ್ನ ಮುಖ ನೋಡಿದ, ಮತ್ತೆ ಅಲ್ಲೇ ನೇತು ಹಾಕಿದ. ಗುಂಡಿನ ಸದ್ದು ಕೇಳದೆ ಊರೆಲ್ಲ ತಂಗಮ್ಮನಿಗೆ ಹೆಣ್ಣು ಅಂತ ತೀರ್ಮಾನ ಮಾಡಿತು. ದೊಡ್ಡಪ್ಪ ಸಮಾಧಾನ ಹೇಳೋಕೆ ಬೇರೆ ಬಂದ್ರು. ಹೇಳ್ಲಿ ಅಂತ ಬಿಟ್ಟೆ.

ಸೋಮಯ್ಯ ಡ್ಯೂಟಿ ಮುಗಿಸಿ ಬಂದ. ಒಳಗೆ ಬರಲಿಲ್ಲ. ಅಂಗಳದ ಆ ತುದೀಲಿ ಗಂಡುಮಗುವಿನ ಗುಂಡು ಈಗ ಹೊಡೀತಾರೆ ಅಂತ ಎರಡೂ ಕಿವಿ ಮುಚ್ಕೊಂಡಿದ್ದ. ಓಡದೆ ನಿಂತಿದ್ದ. ದೇರಪ್ಪ ಹೊರಗೆ ಹೋಗಿ ಬರಿಗೈ ತೋರಿಸಿದ. ಹೊಡೆಯೋದಿಲ್ಲ ಅಂತ ನಾನು ಒಳಗಿಂದ ತಲೆ ಅಲ್ಲಾಡಿಸಿದೆ. ಆಮೇಲೆ ಅವನು ಕಿವಿಯಿಂದ ಕೈ ತೆಗೆದು, ಒಳಗೆ ಬಂದು, ಮಗುವನ್ನ ಎರಡೂ ಕೈಯಲ್ಲಿ ಎತ್ಕೊಂಡ.