ಪೆನ್ಸಿಲ್ ಉಜ್ಜಿ ತೆಗೆದ ನಂಬರು

ಕಾರು ಬಂದು ನಮ್ಮ ಮನೆ ಮುಂದೆ ನಿಂತ ದಿನ ಪಕ್ಕದ ಮನೆಯ ಗೌಡರು ಅದನ್ನು ಒಂದು ಸುತ್ತು ಹಾಕಿ ನೋಡಿದರು. ಈಗ ಐದಂತಸ್ತಿನ ಪಿಜಿ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು ಅವರು. ಎತ್ತು ಕೊಳ್ಳುವವರ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಟೈರು ಒತ್ತಿದರು, ಬಗ್ಗಿ ಕೆಳಗೆ ಇಣುಕಿದರು. ಕೊನೆಗೆ ನಂಬರ್ ಪ್ಲೇಟಿನ ಮುಂದೆ ನಿಂತು ತಲೆಯಾಡಿಸಿದರು.

"ಗಾಡಿ ಚೆನ್ನಾಗೈತೆ ಮೇಡಮ್ನೋರೇ. ಆದ್ರೆ ಟಿಎನ್ ಅಲ್ವಾ? ಇದನ್ನ ಕೆಎ ಮಾಡ್ಸೋದ್ರಾಗೆ ನಿಮ್ ತಲೆ ಇನ್ನೊಸಿ ಬೆಳ್ಳಗಾಯ್ತದೆ."

"ಇನ್ನು ಬೆಳ್ಳಗಾಗೋಕೆ ಏನೂ ಉಳಿದಿಲ್ಲ ಗೌಡ್ರೇ."

"ಅಂಗಾರೆ ಏಜೆಂಟ್ ಕೈಗೆ ಕೊಟ್ಬುಡಿ. ಅವ್ನೇ ಎಲ್ಲಾ ಮಾಡ್ಕೊಂಡ್ ಬತ್ತಾನೆ."

ಇಲ್ಲ, ನಾನೇ ಮಾಡಿಸುತ್ತೇನೆ ಎಂದೆ. ಅವರು ನಕ್ಕರು. ನಾನೂ ನಕ್ಕೆ, ಆದರೆ ತಮಾಷೆಗೆ ಹೇಳಿದ್ದಲ್ಲ.

ನನ್ನ ಜೀವನವೆಲ್ಲ ಬೇರೆಯವರ ಗಾಡಿಯಲ್ಲೇ ಕಳೆದಿತ್ತು. ಚಿಕ್ಕವಳಾಗಿದ್ದಾಗ ಅಪ್ಪನ ಕಾರಿನ ಹಿಂದಿನ ಸೀಟು. ಪೀಣ್ಯದ ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದಷ್ಟು ವರ್ಷವೂ ಫ್ಯಾಕ್ಟರಿ ಬಸ್ಸಿನ ಕಿಟಕಿ. ರಜಾ ದಿನಗಳಲ್ಲಿ ಯಜಮಾನರ ಸ್ಕೂಟರಿನ ಹಿಂದೆ, ಆಮೇಲೆ ಅವರ ಕಾರಿನಲ್ಲಿ ಅವರ ಎಡಗಡೆ. ಅವರು ಹೋದ ಮೇಲೆ, ಅರವತ್ತು ದಾಟಿದ ನಂತರ, ಡ್ರೈವಿಂಗ್ ಸ್ಕೂಲಿಗೆ ಸೇರಿ ಎರಡನೆಯ ಸಲ ಟೆಸ್ಟ್ ಪಾಸು ಮಾಡಿದೆ. ಒಂದು ಆರ್‌ಸಿಯ ಮೇಲೆ, ಓನರ್ ಅನ್ನುವ ಜಾಗದಲ್ಲಿ, ನನ್ನ ಹೆಸರು ನೋಡಬೇಕು ಎಂಬ ಆಸೆ ಹುಟ್ಟಿದ್ದು ಆಗ. ಸಿಲ್ಲಿ ಅನ್ನಿ ಬೇಕಾದರೆ. ಅದರ ಮುಂದೆ ಬೇರೆ ಆಸೆಗಳೆಲ್ಲ ಹಿಂದೆ ಸರಿದುಬಿಟ್ಟಿದ್ದವು.

ಕಾರು ಕೊಟ್ಟವಳು ನನ್ನ ಕಾನ್ವೆಂಟಿನ ಗೆಳತಿ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಮದುವೆಯಾಗಿ ಕೊಯಮತ್ತೂರಿಗೆ ಹೋದವಳು, ನಾನು ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದ ಕಾಲದಲ್ಲೇ ಒಬ್ಬಳೇ ಊಟಿಯ ಘಾಟು ಹತ್ತಿಸಿ ಇಳಿಸುತ್ತಿದ್ದಳು. "ಬೆನ್ನು ನೋವು ಕಣೇ, ಡಾಕ್ಟರು ಡ್ರೈವಿಂಗ್ ಬೇಡ ಅಂದ್ರು. ಕಾರ್ ನೀನೇ ತಗೋ. ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ" ಎಂದು ಫೋನು ಮಾಡಿದಳು. ಡ್ರೈವರೊಬ್ಬನ ಕೈಯಲ್ಲಿ ಕಾರು ಕಳಿಸಿದಳು. ಹಿಂದೆಯೇ ಕಾಗದಗಳು ಕೊರಿಯರಿನಲ್ಲಿ ಬಂದವು: ಆರ್‌ಸಿ, ಅವಳು ಸಹಿ ಹಾಕಿದ ಮಾರಾಟದ ಫಾರಂಗಳು, ಈ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ನಮ್ಮ ಅಭ್ಯಂತರವಿಲ್ಲ ಎಂದು ಅಲ್ಲಿಯ ಆರ್‌ಟಿಒ ಕೊಟ್ಟ ಎನ್‌ಒಸಿ. ಅದಕ್ಕೆ ಆರು ತಿಂಗಳ ಆಯಸ್ಸು.

ಆರು ತಿಂಗಳು ಧಾರಾಳವಾಯಿತು ಅಂದುಕೊಂಡೆ. ನಾಲ್ಕು ತಿಂಗಳು ಮೊಣಕಾಲು ನೋವು ತಿಂದಿತು. ಉಳಿದದ್ದನ್ನು ನಾನೇ ತಿಂದೆ. ಫೈಲು ಮಾಡುವುದೆಂದರೆ ನನಗೆ ಇಂದಿಗೂ ಹಬ್ಬ. ಪ್ರತಿ ಕಾಗದಕ್ಕೂ ಎರಡೆರಡು ಜೆರಾಕ್ಸ್, ಬಣ್ಣಬಣ್ಣದ ಟ್ಯಾಗು, ಮೇಲೊಂದು ಇಂಡೆಕ್ಸ್ ಪುಟ. ಆ ಫೈಲನ್ನು ಎದೆಗವಚಿಕೊಂಡು ಆರ್‌ಟಿಒಗೆ ಹೋದಾಗ ಎನ್‌ಒಸಿ ಮುಗಿಯಲು ಎಂಟೇ ದಿನ ಉಳಿದಿತ್ತು.

ಇನ್‌ಸ್ಪೆಕ್ಟರ್ ಹೆಣ್ಣುಮಗಳು. ಇಸ್ತ್ರಿ ಮಾಡಿದ ಖಾಕಿ, ಕಿವಿಯಲ್ಲಿ ಪುಟ್ಟ ಮುತ್ತು. ಫೈಲು ತಿರುವಿ ಹಾಕಿ ಮುಗುಳ್ನಕ್ಕಳು. "ಸಕ್ಕತ್ತಾಗಿ ಇಟ್ಟಿದೀರಾ ಮೇಡಂ. ನಮ್ಮ ಆಫೀಸಲ್ಲೂ ಇಷ್ಟು ನೀಟಾದ ಫೈಲಿಲ್ಲ." ನಾನು ಉಬ್ಬುವಷ್ಟರಲ್ಲಿ ಅವಳ ಬೆರಳು ಒಂದು ಕಡೆ ನಿಂತಿತು. "ಇದ್ಯಾರು ಹೀಗೆ ಮಾಡಿದ್ದು?"

ಚಾಸಿ ಪ್ರಿಂಟು. ಪ್ರತಿ ಕಾರಿನ ಮೈಯಲ್ಲಿ ಎಲ್ಲೋ ಒಂದು ಕಡೆ ಅದರ ನಂಬರನ್ನು ಲೋಹದಲ್ಲೇ ಕೊರೆದಿರುತ್ತಾರೆ. ಅದರ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ, ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆ ಚೀಟಿಯನ್ನು ಫಾರಂಗೆ ಅಂಟಿಸಬೇಕು. ನಮ್ಮ ಕ್ರಾಫ್ಟ್ ಕ್ಲಾಸಿನಲ್ಲಿ ಸಿಸ್ಟರ್ ಇದನ್ನೇ ಎಲೆ, ನಾಣ್ಯ ಇಟ್ಟು ಮಾಡಿಸುತ್ತಿದ್ದರು. ಅದರಲ್ಲಿ ನನ್ನ ಗೆಳತಿಯೇ ಫಸ್ಟ್. ಈ ಪ್ರಿಂಟನ್ನೂ ಅವಳು ತಾನೇ ತೆಗೆದು, ಅಷ್ಟಕ್ಕೇ ಬಿಡದೆ ಪ್ರತಿ ಅಂಕಿಯ ಸುತ್ತ ನೀಲಿ ಇಂಕಿನಲ್ಲಿ ಗೆರೆ ಎಳೆದಿದ್ದಳು. ಸುತ್ತಲೂ ಸ್ಕೇಲಿಟ್ಟು ಕೆಂಪು ಮಾರ್ಜಿನ್ ಬೇರೆ! ಕೊರಿಯರ್ ಬಿಚ್ಚಿದ ದಿನ ಅದನ್ನು ನೋಡಿ, "ನೀಟ್ ವರ್ಕ್, ಫುಲ್ ಮಾರ್ಕ್ಸ್" ಎಂದು ಫೋನಿನಲ್ಲಿ ಹೊಗಳಿದವಳು ನಾನೇ.

"ಉಜ್ಜಿದ್ದು ಉಜ್ಜಿದ ಹಾಗೇ ಇರ್ಬೇಕು ಮೇಡಂ. ಮೇಲೆ ಪೆನ್ ಓಡಿಸಿದ್ರೆ ನಂಬರ್ ತಿದ್ದಿದಾರೆ ಅಂತಾನೇ ಲೆಕ್ಕ. ನಾನು ಒಪ್ಪೋ ಹಾಗಿಲ್ಲ" ಎಂದಳು ಇನ್‌ಸ್ಪೆಕ್ಟರ್. "ಹೊಸ ಫಾರಂ, ಹೊಸ ಪ್ರಿಂಟು, ಮಾರಿದವರ ಹೊಸ ಸಹಿ ತನ್ನಿ. ಎಂಟು ದಿನದೊಳಗೆ. ತಪ್ಪಿದ್ರೆ ಮತ್ತೆ ಕೊಯಮತ್ತೂರಿಂದಾನೇ ಶುರು."

ಮನೆಗೆ ಬಂದು ಗೆಳತಿಗೆ ಫೋನು ಮಾಡಿ ವಿಷಯ ಹೇಳಿದೆ. ಆ ಕಡೆಯಿಂದ ಹಾಸ್ಟೆಲಿನ ಅದೇ ಗೊರಗೊರ ನಗು.

"ನಾನೇ ಬರ್ತೀನಿ ತಾಳು."

"ಬೇಡ ಕಣೇ, ಸಹಿ ಹಾಕಿ ಕೊರಿಯರ್ ಮಾಡು. ಪ್ರಿಂಟ್ ಇಲ್ಲಿ ನಾನು ತೆಗೀತೀನಿ."

"ನೀನಾ? ಕ್ರಾಫ್ಟಲ್ಲಿ ನೀನು ಜಸ್ಟ್ ಪಾಸ್, ಮೆನ್. ನಿನ್ನ ಅರಳಿ ಎಲೆ ನೋಡಿ ಸಿಸ್ಟರ್ ಇದ್ಯಾವ ಮೀನು ಅಂತ ಕೇಳಿರ್ಲಿಲ್ವಾ?" ಕಾನ್ವೆಂಟಿನ ಆ 'ಮೆನ್' ಅವಳ ಬಾಯಿಂದ ಇನ್ನೂ ಹೋಗಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರಿನ ಕೆಳಗೆ ಕೊಯಮತ್ತೂರಿನ ಬಸ್ಸು ನಿಂತಿತು. ಕಂಡಕ್ಟರು ಮೊಣಕೈ ಹಿಡಿದು ಅವಳನ್ನು ಇಳಿಸಿದ. ನಾನು ಕೈ ಬೀಸಿದೆ. ಅವಳು ನನ್ನನ್ನು ದಾಟಿ ಹೋಗಿ, ಪಕ್ಕದಲ್ಲಿ ಹೂವಿನ ಬುಟ್ಟಿಯೊಡನೆ ನಿಂತಿದ್ದ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು, "ಏನ್ ಮೆನ್, ಇಷ್ಟು ದಪ್ಪ ಆಗ್ಬಿಟ್ಟಿದೀಯಾ!" ಎಂದಳು.

"ನಾನ್ ಯಾವಾಗ್ಲೂ ಇಷ್ಟೇ ದಪ್ಪ ಅಕ್ಕಾ" ಎಂದಳು ಆ ಹೆಂಗಸು. "ಹೂ ಬೇಕಾ?"

ಮೂವರೂ ನಕ್ಕೆವು. ನನ್ನ ನಗು ಅರ್ಧಕ್ಕೇ ನಿಂತಿತು. "ಬೆನ್ನು ನೋವಲ್ಲ ಅಲ್ವೇನೇ?" ಎಂದೆ.

"ಅಲ್ಲ. ಕಣ್ಣು." ಅವಳು ಮಲ್ಲಿಗೆ ಕೊಂಡು, ತಡವಿ, ನನ್ನ ತುರುಬಿಗೆ ಸಿಕ್ಕಿಸಿದಳು. "ಸುತ್ತ ಎಲ್ಲಾ ಕಾಣತ್ತೆ ಕಣೇ. ನಡುವೆ ಮಾತ್ರ ಒಂದು ಮೋಡ. ನಿನ್ನ ಸೀರೆ ಇದೆ, ಮುಖ ಇಲ್ಲ. ಆ ಪ್ರಿಂಟಲ್ಲಿ ಪೆನ್ಸಿಲ್ ಬೂದು ನನಗೆ ಸರಿಯಾಗಿ ಕಾಣ್ಲೇ ಇಲ್ಲ. ಯಾರಿಗೂ ಕಾಣಲ್ಲ ಅಂದ್ಕೊಂಡೆ. ಭೂತಗನ್ನಡಿ ಹಿಡ್ಕೊಂಡು ಒಂದಿಡೀ ಮಧ್ಯಾಹ್ನ ಇಂಕ್ ಮಾಡಿದೆ. ಫುಲ್ ಮಾರ್ಕ್ಸ್ ಅಂತ ನೀನೇ ಹೇಳಿದ್ಯಲ್ಲ!"

ಹತ್ತು ಗಂಟೆಗೆಲ್ಲ ಆರ್‌ಟಿಒ ಅಂಗಳದಲ್ಲಿದ್ದೆವು. ನಮ್ಮ ಕಾರಿನ ನಂಬರು ಎಡಗಡೆ ಸೀಟಿನ ಕೆಳಗೆ, ಮ್ಯಾಟು ಎತ್ತಿದರೆ ಸಿಗುತ್ತದೆ. ನಾನು ಪೆನ್ಸಿಲ್ ಹಿಡಿದು ಬಗ್ಗಲು ಹೋದರೆ ಅವಳು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಸೀರೆ ಎತ್ತಿ ಸಿಕ್ಕಿಸಿ, ಪೇಪರ್ ಹಾಸಿ ಮಂಡಿಯೂರಿ ಕೂತು, ಬರಿಯ ಬೆರಳಿನಿಂದ ಲೋಹವನ್ನು ಒಮ್ಮೆ ಉದ್ದಕ್ಕೂ ಸವರಿದಳು.

"ಕಾಗದ ಬಿಗಿಯಾಗಿ ಹಿಡಿ. ಮೊನೇಲಿ ಗೀಚಬಾರ್ದು, ಪೆನ್ಸಿಲ್ ಮಲಗಿಸಿ ಉಜ್ಜಬೇಕು. ಮರ್ತ್ಯಾ?"

ಉಜ್ಜಿದಳು. ಮುಖ ಮೇಲೆತ್ತಿ, ಎಲ್ಲೋ ನೋಡುತ್ತಾ, ಕೈ ಮಾತ್ರ ಕೆಲಸ ಮಾಡುತ್ತಿತ್ತು. ಕಪ್ಪಿನಲ್ಲಿ ಒಂದೊಂದೇ ಅಂಕಿ ಮೇಲೆದ್ದು ಬಂತು, ಅಂಚು ಕೂಡ ಮಸುಕಾಗದೆ. ಅಷ್ಟರಲ್ಲಿ ಗಾಡಿ ನೋಡಲು ಬಂದ ಇನ್‌ಸ್ಪೆಕ್ಟರ್ ಆರ್‌ಸಿ ಕೈಯಲ್ಲಿ ಹಿಡಿದು, "ನಂಬರ್ ಓದಿ ಮೇಡಂ" ಎಂದು ನನಗೆ ಹೇಳಿದಳು. ನಾನು ಕನ್ನಡಕ ಹುಡುಕುತ್ತಿದ್ದೆ. ಗೆಳತಿ ಬೆರಳ ತುದಿಯನ್ನು ಲೋಹದ ಮೇಲಿಟ್ಟು, ನಿಧಾನವಾಗಿ, ಮೊದಲ ಅಕ್ಷರದಿಂದ ಕೊನೆಯ ಅಂಕಿಯವರೆಗೆ ಓದಿ ಮುಗಿಸಿದಳು. ಇನ್‌ಸ್ಪೆಕ್ಟರ್ ಒಂದೊಂದಕ್ಕೂ ತಲೆದೂಗುತ್ತಾ ಹೋದವಳು, ಕೊನೆಯಲ್ಲಿ ಆರ್‌ಸಿಯಿಂದ ಕಣ್ಣೆತ್ತಿ ಅವಳ ಮುಖವನ್ನೇ ನೋಡಿದಳು.

"ಕರೆಕ್ಟ್ ಅಮ್ಮಾ" ಎಂದಳು ಮೆಲ್ಲಗೆ. ಆಮೇಲೆ ನಗುತ್ತಾ, "ಇನ್ನು ಇದಕ್ಕೆ ಪೆನ್ ಮಾತ್ರ ಮುಟ್ಟಿಸ್ಬೇಡಿ!"

ಪಕ್ಕದಲ್ಲಿ ನಿಂತಿದ್ದ ಟೆಂಪೋದವನು, "ಅಜ್ಜೀ, ನಂದೂ ಒಂದು ತೆಗ್ದ್ಕೊಡಿ, ಎರಡ್ ಸಲ ಹರಿದೋಯ್ತು" ಎಂದ. ಅವಳು ಅವನದನ್ನೂ ತೆಗೆದಳು, ಆಮೇಲೆ ಇನ್ನೊಂದು ವ್ಯಾನಿನದನ್ನೂ. ಕೈಯೆಲ್ಲ ಸೀಸದ ಕಪ್ಪು. ಟೆಂಪೋದವನು ಟೀ ತಂದುಕೊಟ್ಟ. ಮಾರಿದವರ ಜಾಗದಲ್ಲಿ ಸಹಿ ಹಾಕಲು ಗೆರೆ ಅವಳಿಗೆ ಸಿಗಲಿಲ್ಲ. ನಾನು ಸ್ಕೇಲು ಅಡ್ಡ ಇಟ್ಟೆ. ಅದರ ಮೇಲೆ ಹತ್ತಿ ಇಳಿದ ಅಕ್ಷರಗಳು ಎಂಟನೆಯ ಕ್ಲಾಸಿನಲ್ಲಿ ಹೇಗಿದ್ದವೋ ಹಾಗೇ ಇದ್ದವು. ಅದರ ಕೆಳಗೆ ಕೊಂಡವಳು ನಾನು. ಸ್ಕೇಲು ತೆಗೆದು ನಾನೂ ಸಹಿ ಹಾಕಿದೆ.

ಮನೆಗೆ ಬರುವಾಗ ಅವಳು ಎಡಗಡೆ ಕೂತಿದ್ದಳು. "ಥರ್ಡಿಗೆ ಹಾಕು, ಇಂಜಿನ್ ಕೇಳ್ತಿದೆ, ನಿನಗೆ ಕೇಳ್ಸಲ್ವಾ?" ಎಂದು ದಾರಿಯುದ್ದಕ್ಕೂ ಬೈದಳು. ಸಿಗ್ನಲ್ಲಿನಲ್ಲಿ ನಾನು ಬ್ರೇಕು ಒತ್ತಿದಾಗಲೆಲ್ಲ ಅವಳ ಬಲಗಾಲೂ ಮ್ಯಾಟನ್ನು ಒತ್ತುತ್ತಿತ್ತು. ನೋಡಿಯೂ ನೋಡದವಳಂತೆ ಇದ್ದೆ.

ಅವಳು ಊರಿಗೆ ಹೋಗಿ ಎರಡು ವಾರಕ್ಕೆ ಪೋಸ್ಟ್‌ಮ್ಯಾನ್ ಬಂದ. "ಆರ್‌ಸಿ ಬಂದಿದೆ. ಓನರ್ ಯಾರು? ಅವರೇ ಸೈನ್ ಮಾಡ್ಬೇಕು."

"ನಾನೇ" ಎಂದೆ. ಕಾಂಪೌಂಡಿನಾಚೆ ಹಲ್ಲುಜ್ಜುತ್ತಿದ್ದ ಗೌಡರಿಗೂ ಕೇಳಲಿ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ನಾನೇ ಓನರ್" ಎಂದೆ. ಗೌಡರು ನೊರೆಬಾಯಲ್ಲೇ ಬ್ರಷ್ ಮೇಲೆತ್ತಿ ಸಲಾಂ ಹೊಡೆದರು.

ಒಳಗೆ ಬಂದು ಗೆಳತಿಗೆ ಫೋನು ಮಾಡಿದೆ.

"ಕಾರ್ಡ್ ಸವರಿ ನೋಡು, ಅಕ್ಷರ ಉಬ್ಬಿದಾವಾ?" ಎಂದು ಕೇಳಿದಳು.

"ಇಲ್ಲ ಕಣೇ. ನುಣ್ಣಗಿದೆ."

"ಛೆ, ಹಾಗಾದ್ರೆ ನಂಗೆ ಉಪಯೋಗ ಇಲ್ಲ. ನೀನೇ ಓದು."

ಕೆಎ ನಂಬರು ಓದಿದೆ. ಚಾಸಿ ನಂಬರು ಓದಿದೆ. ಅವಳೂ ಜೊತೆಯಲ್ಲೇ ಹೇಳಿದಳು, ಬಾಯಿಪಾಠ. ಆಮೇಲೆ ಓನರ್ ಅನ್ನುವ ಸಾಲು ಓದಿದೆ.

"ಮತ್ತೆ ಓದು" ಎಂದಳು.

ಮತ್ತೆ ಓದಿದೆ.