ಎಳೆದಷ್ಟೂ ಬಿಗಿಯುವ ಗಂಟು

ಇವತ್ತು ಆನೆಕೊಂಡದ ಅಂಗಡಿಯವನು ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕತ್ತರಿಸಿ, ತುದಿಗೆ ಬೆಂಕಿಕಡ್ಡಿ ತಾಗಿಸಿದ. ಆ ಸುಟ್ಟ ವಾಸನೆಗೆ ನನ್ನ ಎಡಗೈ ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು.

ನಾನು ಚಿಕ್ಕವಳಿದ್ದಾಗ ಹರಿಹರದಲ್ಲಿ ನನ್ನ ಮಾಮು, ಅಮ್ಮಿಯ ತಮ್ಮ, ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅವರ ಬಾಯಲ್ಲಿ ಸದಾ ಬೀಡಿ, ಅದಕ್ಕೆ ಅಮ್ಮಿಯ ಬೈಗುಳವೂ ಸದಾ. ಶುಕ್ರವಾರದ ನಮಾಜ್ ಮುಗಿದ ಮೇಲೆ ನನ್ನನ್ನು ಹೊಳೆಗೆ ಕರೆದೊಯ್ದು ಗಾಳ ಎಸೆಯಲು ಕಲಿಸುತ್ತಿದ್ದರು. ಕೊಕ್ಕೆಗೆ ಹಾಕುವ ಗಂಟು ಎಳೆದಷ್ಟೂ ಬಿಗಿಯಬೇಕು ಎನ್ನುತ್ತಿದ್ದರು. ಒಂದು ಶುಕ್ರವಾರ, ಅವರು ಆಸೆಪಟ್ಟು ತಂದ ಹೊಸ ನೈಲಾನ್ ದಾರ ಎಲ್ಲಿ ಕೈಜಾರೀತೋ ಎಂದು, ಅದರ ಇನ್ನೊಂದು ತುದಿಯನ್ನು ಅದೇ ಗಂಟು ಹಾಕಿ ನನ್ನ ಎಡ ಮುಂಗೈಗೆ ಕಟ್ಟಿಕೊಂಡೆ.

ದೊಡ್ಡದೊಂದು ಬಾಳೆಮೀನು ಕಚ್ಚಿತು. ಮೊಣಕಾಲಿಗಿದ್ದ ನೀರು ಎರಡೇ ಎಳೆತಕ್ಕೆ ಎದೆಗೆ ಬಂತು. ಕಾಲಡಿಯ ಮರಳು ಜಾರಿತು. ದಾರ ಚರ್ಮದೊಳಗೆ ಇಳಿಯುತ್ತಿತ್ತು. ಬಿಚ್ಚಲು ಹೋದಷ್ಟೂ ಗಂಟು ಬಿಗಿಯುತ್ತಿತ್ತು. ಮಾಮೂ ಎಂದು ಕೂಗಲು ಬಾಯಿ ತೆರೆದರೆ ನೀರು ನುಗ್ಗಿತು.

ಮಾಮು ಬೀಡಿ ಕಚ್ಚಿಕೊಂಡೇ ನೀರು ಸೀಳಿಕೊಂಡು ಬಂದು ನನ್ನ ಸೊಂಟ ಹಿಡಿದೆತ್ತಿದರು. ದಾರ ಜಗ್ಗಿದರು, ತುಂಡಾಗಲಿಲ್ಲ. ನನ್ನ ಮುಂಗೈಯನ್ನು ನೀರಿನ ಮೇಲಕ್ಕೆತ್ತಿ ಹಿಡಿದರು.

"ಅಲ್ಲಾಡಬ್ಯಾಡ ಬೇಟಿ, ಕಣ್ಣು ಮುಚ್ಕೋ," ಎಂದು ಮುಖ ಬಗ್ಗಿಸಿ, ಬೀಡಿಯ ಕೆಂಡವನ್ನು ದಾರಕ್ಕೆ ಒತ್ತಿದರು. ಚುರ್ ಎಂದಿತು. ಕೈ ಹಗುರಾಯಿತು.

ಅದಾದ ಮೇಲೆ ಅಮ್ಮಿ ಬೀಡಿಗಾಗಿ ಮಾಮುವನ್ನು ಒಮ್ಮೆಯೂ ಬೈಯಲಿಲ್ಲ.

ಹಗ್ಗ ಸುತ್ತುತ್ತಿದ್ದ ಅಂಗಡಿಯವನು, "ಗಂಟು ಗಟ್ಟಿ ಹಾಕ್ಲೇನ್ರಿ ಅಮ್ಮಾ?" ಎಂದ.

"ಬ್ಯಾಡಪ್ಪ," ಎಂದೆ. "ಥಟ್ಟನೆ ಬಿಚ್ಚಾಕೆ ಬರೋ ಹಂಗೆ ಹಾಕು."