ಹೊರಡುವವನು ‘ಬರ್ತೀನಿ’ ಅನ್ನುತ್ತಾನೆ

ಆವತ್ತು ನಾನು ಎಲೈಜಾನಿಗೆ ಏನು ಹೇಳಿದೆ? ‘ಬರ್ತೀನಿ’ ಅಂದೆ, ಅಷ್ಟು ಖಚಿತ. ಕನ್ನಡದಲ್ಲಿ ಅಂದೆನೋ ಇಂಗ್ಲಿಷಿನಲ್ಲಿ ಅಂದೆನೋ ನೆನಪಿಲ್ಲ. ಯಾವ ಅರ್ಥದಲ್ಲಿ ಅಂದೆ? ಅದಂತೂ ಕೇಳಲೇಬೇಡಿ.

(ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದಿದ್ದರೆ ನನಗೆ ಎಂ.ಎ. ಸಿಗುತ್ತಿರಲಿಲ್ಲ.)

ತೊಂಬತ್ತರ ದಶಕದ ಕೊನೆ. ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ದೇವರಿಲ್ಲ ಎಂದು ಸಾಧಿಸುವುದು ಆಗ ನನಗೆ ಊಟವಾದ ಮೇಲಿನ ಎಲೆಯಡಿಕೆಯಷ್ಟೇ ಅಗತ್ಯ. ಎಲೈಜಾ ತಾಂಜಾನಿಯಾದವನು, ಅರ್ಥಶಾಸ್ತ್ರ ಓದಲು ಬಂದಿದ್ದ. ಆಫ್ರಿಕಾದವರಿಗೆ ಆ ಊರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ‘ಮನೆ ಖಾಲಿ ಇದೆ’ ಎಂಬ ಬೋರ್ಡು ಇವನನ್ನು ಕಂಡ ಕೂಡಲೇ ಒಳಗೆ ಹೋಗುತ್ತಿತ್ತು.

ಅವನನ್ನು ಕರೆದು ಊಟ ಹಾಕಿ, ರೂಮು ಹುಡುಕಿಕೊಟ್ಟವರು ಜಯರಾಜ್. ವಿದೇಶಿ ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆ ಮಾಡುತ್ತಿದ್ದವರು. ಎಲ್ಲರಿಗೂ ಅವರು ಬ್ರದರ್. ವಾರಕ್ಕೊಮ್ಮೆ ಒಬ್ಬೊಬ್ಬ ವಿದ್ಯಾರ್ಥಿಯ ಜತೆ ಕೂತು ಬೈಬಲ್ ಓದುವುದು, ಕಷ್ಟಸುಖ ಕೇಳುವುದು, ಅವನಿಗಾಗಿ ಪ್ರಾರ್ಥಿಸುವುದು. ಇದಕ್ಕೆ ಶಿಷ್ಯತ್ವ ಎಂದು ಹೆಸರು.

ವಾರಕ್ಕೊಮ್ಮೆ ಅವರು ಎಲೈಜಾನ ನಂಬಿಕೆಯನ್ನು ಕಟ್ಟುತ್ತಿದ್ದರು. ವಾರಕ್ಕೆ ನಾಲ್ಕು ಸಲ ನಾನು ಕ್ಯಾಂಟೀನಿನಲ್ಲಿ ಅವನ ಜತೆ ಕೂತು ಬಿಚ್ಚುತ್ತಿದ್ದೆ.

ಒಂದು ಮಾರ್ಚ್ ತಿಂಗಳು ಜಯರಾಜ್ ಅವರಿಗೆ ಮೂರು ದಿನದ ಶಿಬಿರಕ್ಕೆ ಜಾಗ ಬೇಕಾಯಿತು. ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ನನ್ನ ಸೋದರಮಾವ ಶಿವಣ್ಣ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಮಾತಾಡಿ ಕೊಡಿಸಿದೆ. ಕುಯ್ಲು ಮುಗಿದು, ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಹದಿನೈದು ಜನ, ಐದು ದೇಶ, ಒಂದು ಗಿಟಾರು ಬಂದಿಳಿದವು.

‘ಏನಪ್ಪಾ ಇವ್ರದ್ದು ಪ್ರೋಗ್ರಾಮು?’ ಎಂದರು ಮಾವ.

‘ಶಿಷ್ಯರನ್ನ ತಯಾರು ಮಾಡೋದು, ಮಾವ.’

‘ಅದ್ಕೆ ಇಷ್ಟ್ ದೂರ ಬರ್ಬೇಕಾ ಮಾರಾಯ? ನಮ್ ಕೂಲಿಯೋರ ಲೈನ್ ಮನೆ ತಾವ ಬೀಡಿ ಕೇಳಕ್ಕೆ ಬರೋನೂ ಏನ್ ಶಿಷ್ಯ ಅಂತಾನೆ ಕಣೋ!’

ಪಕ್ಕದಲ್ಲಿದ್ದ ಎಲೈಜಾ ಕ್ಯಾಂಟೀನಿನ ಅಡುಗೆಯವರಿಂದ ಕನ್ನಡ ಕಲಿತಿದ್ದ. ‘ನಾನೂ ಶಿಷ್ಯ’ ಎಂದ ಮಾವನ ಕಡೆ ತಿರುಗಿ. ‘ಬೀಡಿ ಬೇಡ.’

ಮಾವ ಬಿದ್ದು ಬಿದ್ದು ನಕ್ಕರು. ಯಾರ ಶಿಷ್ಯ ಎಂದು ನಾನಾದರೂ ಕೇಳಬೇಕಿತ್ತು.

ಶನಿವಾರ ಮಧ್ಯಾಹ್ನ ನಾನು ಬಾಳ್ಳುಪೇಟೆಯ ನಮ್ಮ ಮನೆಗೆ ಹೊರಟೆ. ಎಲೈಜಾ ಗೇಟಿನವರೆಗೂ ಬಂದ. ಮರುದಿನ ಬೆಳಿಗ್ಗೆ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ನಂಬಿಕೆಯ ಬಗ್ಗೆ ಸಾಕ್ಷಿ ಹೇಳಬೇಕಿತ್ತು.

‘ನನಗೆ ನಂಬಿಕೆ ಉಳಿದಿಲ್ಲ. ನಾಳೆ ಅದನ್ನೇ ಹೇಳ್ತೀನಿ’ ಎಂದ. ‘ಆಮೇಲೆ ನಿಮ್ಮ ದೇಶದಲ್ಲಿ ನನಗೆ ಯಾರೂ ಇರಲ್ಲ. ನೀನು ಬಂದು ಪಕ್ಕದಲ್ಲಿ ನಿಂತ್ಕೋ. ಮಾತಾಡೋದು ಬೇಡ. ನಿಂತ್ಕೋ, ಸಾಕು.’

ಬಸ್ಸು ಹಾರ್ನ್ ಹೊಡೆಯಿತು. ‘ಬರ್ತೀನಿ’ ಅಂದು ಹತ್ತಿದೆ.

ಹೋಗಲಿಲ್ಲ.

ನಿಮಗೆ ಗೊತ್ತಲ್ಲ, ನಾವು ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ. ಅಪ್ಪಿತಪ್ಪಿ ಅಂದರೆ ಮನೆಯ ಹಿರಿಯರು ಗದರುತ್ತಾರೆ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿ ಎದ್ದವನೂ ಬಾಗಿಲಲ್ಲಿ ‘ಬರ್ತೀನಿ’ ಅಂದೇ ಚಪ್ಪಲಿ ಮೆಟ್ಟುತ್ತಾನೆ. ಮುಂದಿನ ವಾರ ಕ್ಯಾಂಟೀನಿನಲ್ಲಿ ಎಲೈಜಾನಿಗೆ ಇದನ್ನೆಲ್ಲ ವಿವರಿಸಿದೆ. ಒಳ್ಳೇ ಲೆಕ್ಚರ್ ಕೊಟ್ಟೆ.

‘ಹಾಗಾದ್ರೆ ನಿಜವಾಗಿ ಬರೋದಿದ್ರೆ ಏನಂತೀರಾ?’

‘ಆಗಲೂ ಬರ್ತೀನಿ ಅಂತೀವಿ.’

‘ಕೇಳಿದವನಿಗೆ ಹೇಗೆ ಗೊತ್ತಾಗುತ್ತೆ?’

ನಾನು ಟೀ ಕುಡಿದೆ.

ಅವನು ಆ ಭಾನುವಾರ ಸಾಕ್ಷಿ ಹೇಳಿದ್ದ. ತನ್ನ ನಂಬಿಕೆ ಗಟ್ಟಿಯಾಗಿದೆ ಎಂದು. ಎಲ್ಲರೂ ಅಪ್ಪಿಕೊಂಡರಂತೆ. ಓದು ಮುಗಿಸಿ ತನ್ನ ದೇಶಕ್ಕೆ ಹೋದ, ಅಲ್ಲಿ ವಿದ್ಯಾರ್ಥಿಗಳ ನಡುವೆ ಇದೇ ಸೇವೆಗೆ ಸೇರಿದ. ಒಂದೇ ಒಂದು ಕಾಗದ ಬಂತು. ‘ಆವತ್ತು ಕಣದಲ್ಲಿ ಹೇಳಿದ್ದನ್ನೇ ಈಗ ಪ್ರತಿ ಭಾನುವಾರ ಹೇಳುತ್ತೇನೆ. ಕೇಳಿದವರು ಅಳುತ್ತಾರೆ. ನನಗೆ ಏನೂ ಆಗುವುದಿಲ್ಲ.’ ವಿಳಾಸ ಬರೆದಿರಲಿಲ್ಲ.

ಕಾಗದವನ್ನು ಜಯರಾಜ್ ಅವರಿಗೆ ತೋರಿಸಿದೆ. (ತೋರಿಸಬಾರದಿತ್ತು. ಅದೂ ಗೊತ್ತು.) ಅವರು ಎರಡು ಸಲ ಓದಿ ಮಡಚಿದರು.

‘ನನಗೊಂದು ಮಾತು ಹೇಳಿದ್ರೆ ಆಗ್ತಿತ್ತು. ನಂಬಿಕೆ ಹೋಯ್ತು ಅಂದ ತಕ್ಷಣ ಊಟಕ್ಕೆ ಬರಬೇಡ ಅಂತಿದ್ನಾ ನಾನು? ಯಾರು ಹೇಳಿದ್ರು ಅವನಿಗೆ?’

ಯಾರು ಹೇಳಿದ್ದು? ಕ್ಯಾಂಟೀನಿನಲ್ಲಿ, ನಾಲ್ಕು ಸಲವೂ, ನಾನೇ. ‘ನಂಬೋವರೆಗೆ ಮಾತ್ರ ಕಣೋ ಇವರ ಪ್ರೀತಿ’ ಅಂದಿದ್ದೆ. ಎಲ್ಲವನ್ನೂ ಅನುಮಾನಿಸು ಎಂದು ಕಲಿಸಿದವನು ನನ್ನ ಮಾತನ್ನೂ ಅನುಮಾನಿಸು ಎಂದು ಕಲಿಸಲಿಲ್ಲ. ಅವನ ದೇವರನ್ನು ತೆಗೆದುಕೊಂಡೆ, ಮನುಷ್ಯರನ್ನೂ ತೆಗೆದುಕೊಂಡೆ. ಬದಲಿಗೆ ಏನು ಕೊಟ್ಟೆ?

ಇಷ್ಟು ವರ್ಷ ನನ್ನ ಹತ್ತಿರ ಎರಡು ಸಮಾಧಾನಗಳಿದ್ದವು. ಒಂದು, ನಾನು ಅಂದದ್ದು ಬರೀ ಹೊರಡುವ ಮಾತು. ಇನ್ನೊಂದು, ಭಾನುವಾರ ಬೆಳಿಗ್ಗೆ ನಾನು ಸಕಲೇಶಪುರಕ್ಕೆ ಹೋಗಿ ಕಾದೆ, ಹೆಗ್ಗದ್ದೆ ಬಸ್ಸು ಬರಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹುರಿಯುತ್ತಿದ್ದ ಕಡಲೆಕಾಯಿಯ ವಾಸನೆ ಕೂಡ ನೆನಪಿದೆ.

ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಸ್ವಾಮಿ? ಬರೀ ಹೊರಡುವ ಮಾತಾಡಿ ಬಂದವನು ಮರುದಿನ ಯಾಕೆ ಬಸ್ಸಿಗೆ ಕಾಯುತ್ತಾನೆ?

ಕಳೆದ ವಾರ ಬೆಳಗೋಡಿಗೆ ಹೋಗಿದ್ದೆ. ಕೆಲಸ ಬಿಟ್ಟ ಮೇಲೆ ಮಾವ ಅಲ್ಲೇ ಇದ್ದಾರೆ. ಕೇಳಿಯೇ ಬಿಟ್ಟೆ.

‘ಬಸ್ಸಾ? ಚೆನ್ನಾಗ್ ಗ್ಯಾಪ್ಕ ಐತೆ. ಅವ್ರ ಪ್ರಾರ್ಥನೆಗೆ ಅಂತ ಸಕಲೇಶ್ಪುರದಿಂದ ಬ್ರೆಡ್ ತರ್ಸಿದ್ದೆ, ಅದ್ರಲ್ಲೇ ಬಂತು ಕಣೋ. ಬೀಡಿ ಬೇಡ ಅಂದ್ನಲ್ಲ, ಆ ಎತ್ರದ ಹುಡ್ಗ ಬಸ್ ಹತ್ತಿ, ಒಂದೊಂದ್ ಸೀಟೂ ನೋಡ್ಬುಟ್ಟು ಇಳ್ದ. ಕಂಡಕ್ಟರ್ ಬೈದ, ಪಾಪ.’

ವಯಸ್ಸಾದವರ ನೆನಪು, ನಂಬುವುದು ಹೇಗೆ? ಜಯರಾಜ್ ಅವರಿಗೆ ಫೋನ್ ಮಾಡಿದೆ. ಬ್ರೆಡ್ ಇಳಿಸಿಕೊಂಡವರು ಅವರೇ.

ಆ ಭಾನುವಾರ ಹೆಗ್ಗದ್ದೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು.